ಅವ್ವ ನೀರು ಹುಯ್ದ ಒಂದು ದಿನ

ಅವ್ವ ಮೊದಲು ಬಿದ್ದದ್ದು ಬಚ್ಚಲಲ್ಲಿ, ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಾಗ ಎಂದು ನಾನು ಹೇಳುತ್ತೇನೆ. ಅಪ್ಪ ಒಪ್ಪುವುದಿಲ್ಲ. ಅದಕ್ಕೂ ಮುಂಚೆ, ಬೆಳಗಿನ ಹೊತ್ತು ಇನ್ನೂ ಕತ್ತಲಿರುವಾಗ ಡೈರಿಗೆ ಹಾಲು ಹಾಕಲು ಹೋಗುತ್ತ ಬೇಲಿಗೆ ಒರಗಿ ಬಿದ್ದಿದ್ದಳು, ಕ್ಯಾನಿನ ಹಾಲೆಲ್ಲ ಚೆಲ್ಲಿತ್ತು ಅನ್ನುತ್ತಾನೆ. ಡೈರಿಯ ಸಂಗತಿ ನನಗೂ ಗೊತ್ತು, ಆದರೆ ನಾನು ಅಲ್ಲಿರಲಿಲ್ಲ. ಕೇಳಿ ಕೇಳಿ ಅದು ನಾನೇ ಕಂಡದ್ದರ ಹಾಗೆ ಆಗಿದೆ. ಬೇಲಿಯ ಲಂಟಾನ, ಮಣ್ಣಿನಲ್ಲಿ ಇಂಗುವ ಹಾಲು, ಎದ್ದು ಸೆರಗು ಕೊಡವಿಕೊಳ್ಳುವ ಅವ್ವ, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಒಮ್ಮೆ ಆ ದಾರಿಯಲ್ಲಿ ಹೋದಾಗ ನೋಡಿದೆ, ಆ ಬೇಲಿಯಲ್ಲಿ ಲಂಟಾನ ಇಲ್ಲವೇ ಇಲ್ಲ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂದು ಆದಷ್ಟು ಬೇರೆ ಮಾಡಿ ಹೇಳಲು ನೋಡುತ್ತೇನೆ.

ಡೈರಿಯ ಮುಂದೆ ಸಾಲಿನಲ್ಲಿದ್ದ ಒಬ್ಬ ಅವಳು ತೂರಾಡಿ ಬರುವುದನ್ನು ಕಂಡು ಕೇಳಿದನಂತೆ. “ಏನಕ್ಕ, ಕೋಳಿ ಕೂಗೋಕ್ ಮುಂಚೆನೇ ಹಾಕ್ಕೊಂಡ್ ಬಂದ್ಬುಟ್ಟಿದ್ದೀಯ?”

“ನಿಮ್ ಭಾವ ಒಸಿ ಮಿಗಿಸಿದ್ದ ಕಣ್ಲಾ. ಚೆಲ್ಲೋಕ್ ಮನಸ್ ಬರ್ಲಿಲ್ಲ.”

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಮನೆಗೆ ಬಂದ ಮೇಲೆ, ತಾನು ಬಿದ್ದ ವಿಷಯ ಹೇಳಲಿಲ್ಲ. ಪಕ್ಕದ ಮನೆಯ ಚಿಕ್ಕವ್ವ ಬಂದು ಹೇಳಿದ ಮೇಲೆಯೇ ಅಪ್ಪನಿಗೆ ಗೊತ್ತಾದದ್ದು. ಚಿಕ್ಕವ್ವ ನಮಗೆ ನೆಂಟಳಲ್ಲ. ಆದರೆ ಅವಳು ಅವ್ವನನ್ನು ಅಕ್ಕ ಅನ್ನುತ್ತಾಳೆ, ಹಾಗಾಗಿ ನನಗೆ ಚಿಕ್ಕವ್ವ.

ನಮ್ಮ ಊರು ಕೂಟಗಲ್ಲಿನಿಂದ ಸ್ವಲ್ಪ ಒಳಗೆ. ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆಹುಳು ಸಾಕುವ ಒಂದು ಉದ್ದನೆಯ ಮನೆ. ನಾನು ಮದುವೆಯಾಗಿ ರಾಮನಗರದಲ್ಲಿದ್ದೆ. ಗಂಡನಿಗೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನನಗೆ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಕೊನೆಗೆ ಬಸುರಿಯಾದಾಗ ಅವ್ವ ಯಾರಿಗೂ ಸಿಹಿ ಹಂಚಲಿಲ್ಲ, ದೇವರಿಗೆ ಹರಕೆ ಹೊತ್ತದ್ದನ್ನೂ ಹೇಳಲಿಲ್ಲ. ಹಂಡೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಲು ಕೂತಳು.

ಆ ಹಂಡೆಯ ಅರ್ಥ ಗೊತ್ತಾಗಬೇಕಾದರೆ ಅವ್ವನ ಇನ್ನೊಂದು ಕೆಲಸ ಹೇಳಬೇಕು. ನಮ್ಮ ಊರಿನಲ್ಲಿ, ಸುತ್ತಲಿನ ಎರಡು ಮೂರು ಊರುಗಳಲ್ಲಿ, ಹುಟ್ಟಿದ ಕೂಸುಗಳಿಗೆ ನೀರು ಹುಯ್ಯುವವಳು ಅವಳೇ. ಮಣೆಯ ಮೇಲೆ ಕೂತು ಎರಡು ಕಾಲನ್ನೂ ನೀಡಿ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಕಾಲುಗಳನ್ನು ಒಂದಕ್ಕೊಂದು ಅಂಟಿಸಿದರೆ ನಡುವೆ ಒಂದು ದೋಣಿಯಾಗುತ್ತದೆ. ಅದರಲ್ಲಿ ಕೂಸನ್ನು ಮೊದಲು ಬೋರಲು, ಆಮೇಲೆ ಅಂಗಾತ ಮಲಗಿಸಿ, ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಚೊಂಬಿನಿಂದ ಬಿಸಿನೀರು ಹುಯ್ಯಬೇಕು. ಕೂಸು ಒದೆಯುತ್ತದೆ, ಜಾರುತ್ತದೆ, ಉಸಿರು ಕಟ್ಟಿದಂತೆ ಅಳುತ್ತದೆ. ಬಚ್ಚಲಲ್ಲಿ ಹೊಗೆ, ಹಬೆ. ಗಾಳಿ ತಗುಲಬಾರದೆಂದು, ದೃಷ್ಟಿ ತಾಗಬಾರದೆಂದು ಬಾಗಿಲು ಮುಚ್ಚಿರುತ್ತದೆ. ಅವ್ವ ತನ್ನ ಕೈಯನ್ನಾಗಲಿ ಕಾಲನ್ನಾಗಲಿ ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಕೂಸಿನ ಮುಖವನ್ನು. ನೀರು ಹುಯ್ಯುತ್ತಲೇ ಅದರ ಜೊತೆ ಜಗಳವಾಡುತ್ತಿದ್ದಳು. “ನಿಮ್ಮಪ್ಪನ್ ಮೂಗು ತಂದಿದ್ದೀಯಲ್ಲೇ ಕಳ್ಳಿ, ಇದ್ನ ಯಾರ್ ತಿದ್ದೋರು?” ಅನ್ನುತ್ತ ಎಣ್ಣೆ ಬೆರಳಿನಲ್ಲಿ ಮೂಗು ನೀವುತ್ತಿದ್ದಳು.

ನಾನು ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ಇದನ್ನೆಲ್ಲ ಇಣುಕಿ ನೋಡಿದ್ದೇನೆ ಎಂದು ನಂಬಿದ್ದೇನೆ. ಇಷ್ಟು ವಿವರವಾಗಿ ನಿಜವಾಗಿ ನೋಡಿದ್ದೆನೋ, ಆಮೇಲೆ ನಡೆದದ್ದರ ದುಃಖ ಹಿಂದಕ್ಕೆ ಹೋಗಿ ಈ ಚಿತ್ರವನ್ನು ತಿದ್ದಿತೋ, ಹೇಳಲಾರೆ. ಅವ್ವ ಹೇಳುತ್ತಿದ್ದ ಮಾತು ಮಾತ್ರ ಸರಿಯಾಗಿ ನೆನಪಿದೆ. ಯಾಕೆಂದರೆ ಅದನ್ನು ಅವಳು ಎಲ್ಲರ ಮುಂದೆಯೂ ಹೇಳುತ್ತಿದ್ದಳು: “ಊರ್ ಮಕ್ಕಳಿಗೆಲ್ಲ ಉಯ್ದಾಯ್ತು. ನನ್ ಮನೆ ಕೂಸಿಗೆ ಉಯ್ಯೋದು ಯಾವಾಗ?”

ಏಳನೇ ತಿಂಗಳಲ್ಲಿ ನಾನು ತವರಿಗೆ ಬಂದೆ. ಬಂದ ವಾರದಲ್ಲೇ ಅವಳು ಬಚ್ಚಲಲ್ಲಿ ಬಿದ್ದದ್ದು. ಇದು ಕಂಡದ್ದು. ಸದ್ದು ಕೇಳಿ ಹೋದರೆ ಗೋಡೆಗೆ ಕೈಕೊಟ್ಟು ಕೂತಿದ್ದಳು, ಮುಖದ ತುಂಬ ನೊರೆ. “ಕಾಲ್ ಜಾರ್ತು” ಅಂದಳು. ನೆಲ ಒಣಗಿತ್ತು.

ಅದಕ್ಕೂ ಕೆಲವು ತಿಂಗಳ ಹಿಂದೆ ಅವಳಿಗೆ ಒಂದು ಜ್ವರ ಬಂದು ಹೋಗಿತ್ತು. ಆ ಜ್ವರದ ನಿಶ್ಶಕ್ತಿ ಇನ್ನೂ ಇಳಿದಿಲ್ಲ ಎಂದು ಮನೆಯಲ್ಲಿ ಎಲ್ಲರ ತೀರ್ಮಾನ. ಹಾಗಾಗಿ ನಾಟಿಕೋಳಿ ಮೊಟ್ಟೆ, ಕಾಲುಸೂಪು, ಮಲಗುವ ಮುಂಚೆ ಪಾದಕ್ಕೆ ಎಣ್ಣೆ. ಅವಳಿಗೆ ಆಯಾಸವಾಗದಿರಲಿ ಎಂದು ಒಳಕೋಣೆಯಲ್ಲಿ ಹಾಸಿಗೆ ಹಾಸಿ, ಕಣ್ಣಿಗೆ ಬೆಳಕು ಬೀಳದ ಹಾಗೆ ಕಿಟಕಿ ಮುಚ್ಚಿದೆವು. ಅವಳು ನಿಂತಿದ್ದದ್ದೇ ಬೆಳಕಿನ ಆಧಾರದ ಮೇಲೆ ಎಂದು ನಮಗೆ ಗೊತ್ತಿರಲಿಲ್ಲ. ಆ ಕೋಣೆಯಿಂದ ಎದ್ದು ಬರುವಾಗಲೆಲ್ಲ ಎಡವಿದಳು. ಎಡವಿದಷ್ಟೂ ನಾವು ಇನ್ನಷ್ಟು ಮಲಗಿಸಿದೆವು.

ಒಂದು ಮಧ್ಯಾಹ್ನ ಮುದ್ದೆ ತಿರುವುತ್ತಿದ್ದಳು. ರಾಗಿಹಿಟ್ಟು ಬೆಂದಿದೆಯೋ ಇಲ್ಲವೋ ಎಂದು ಅವಳು ಎಂದೂ ಪಾತ್ರೆಯೊಳಗೆ ನೋಡಿದವಳಲ್ಲ. ಕೋಲು ಎಷ್ಟು ಬಿಗಿಯಾಗಿ ತಿರುಗುತ್ತದೆ ಎಂಬುದು ತೋಳಿಗೆ ತಿಳಿಯುತ್ತಿತ್ತು. ಅವತ್ತು ಕೋಲು ನಿಲ್ಲಿಸಿ, ತನ್ನ ತೋಳನ್ನೇ ಬೇರೆ ಯಾರದೋ ಎಂಬ ಹಾಗೆ ದಿಟ್ಟಿಸಿದಳು.

“ಏನವ್ವ?” ಅಂದೆ.

“ಸುಡೋದ್ ಗೊತ್ತಾಯ್ತದೆ ಕಣ್ ಮಗ. ಕೈ ಗೊತ್ತಾಯ್ತಿಲ್ಲ.”

ಈ ಮಾತು ಕೇಳಿದ ಕ್ಷಣ ನನಗೆ ಎಲ್ಲ ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಲಿಲ್ಲ. ಹೆದರಿಕೆಯಾಯಿತು, ಅಷ್ಟೆ. ಮಾರನೆಯ ದಿನ ಬೆಂಗಳೂರಿನ ಆಸ್ಪತ್ರೆಗೆ ಹೊರಟೆವು.

ಅಲ್ಲಿ ನೋಡಿದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಅವ್ವನ ಪಾದಕ್ಕೆ ತನ್ನ ಅಂಗೈ ಒತ್ತಿ ಹಿಡಿದು “ತಳ್ಳಿ ಅಮ್ಮ” ಅಂದರು. ಅವ್ವ ತಳ್ಳಿದ ರಭಸಕ್ಕೆ ಅವರು ಕೂತಿದ್ದ ಚಕ್ರದ ಸ್ಟೂಲು ಹಿಂದಕ್ಕೆ ಉರುಳಿ ಗೋಡೆಗೆ ತಾಗಿತು. ಇಬ್ಬರೂ ನಕ್ಕರು. ನಿಶ್ಶಕ್ತಿ ಅನ್ನುವ ನಮ್ಮ ತೀರ್ಮಾನ ಅಲ್ಲಿಗೆ ಮುಗಿಯಿತು. ಆಮೇಲೆ ರಬ್ಬರಿನ ಸುತ್ತಿಗೆಯಿಂದ ಮೊಣಕಾಲಿನ ಚಿಪ್ಪಿನ ಕೆಳಗೆ ತಟ್ಟಿದರು. ಕಾಲು ಅಲುಗಲಿಲ್ಲ. ಇನ್ನೊಂದನ್ನು ತಟ್ಟಿದರು, ಅದೂ ಇಲ್ಲ. ಅವ್ವನಿಗೆ ಅದು ಒಳ್ಳೆಯದೆಂದು ತೋರಿರಬೇಕು, ಅಲುಗದೆ ಗಟ್ಟಿಯಾಗಿ ಕೂತದ್ದಕ್ಕೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಕಾಲು ಚಿಮ್ಮಬೇಕಿತ್ತು ಎಂದು ನನಗೆ ಗೊತ್ತಿತ್ತು.

“ಈಗ ಕಣ್ಣು ಮುಚ್ಚಿ. ನಿಮ್ಮ ಹೆಬ್ಬೆರಳು ಆಡಿಸ್ತೀನಿ. ಮೇಲಕ್ಕೋ ಕೆಳಕ್ಕೋ ಹೇಳಿ.”

ಅವ್ವ ಕಣ್ಣು ಮುಚ್ಚಿದಳು. ಡಾಕ್ಟರು ಬೆರಳನ್ನು ಕೆಳಕ್ಕೆ ಬಾಗಿಸಿದರು.

“ಮೇಲೆ.”

ಮೇಲಕ್ಕೆ ಎತ್ತಿದರು.

“ಮೇಲೇನೇ.” ಡಾಕ್ಟರು ಮತ್ತೆ ಆಡಿಸತೊಡಗಿದರು. “ನೀವು ಆಡಿಸ್ತಾನೇ ಇಲ್ವಲ್ಲವ್ವ. ಸುಮ್ಕೆ ಹಿಡ್ಕೊಂಡ್ ಕುಂತಿದ್ದೀರ” ಅಂದಳು.

ಅವಳು ಹೇಳುವಾಗಲೂ ಡಾಕ್ಟರರ ಬೆರಳುಗಳ ನಡುವೆ ಅವಳ ಹೆಬ್ಬೆರಳು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಅವ್ವ ಡಾಕ್ಟರರ ಮೋಸ ಕಂಡುಹಿಡಿದವಳ ಹಾಗೆ ಕಣ್ಣು ಮುಚ್ಚಿಯೇ ನಗುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿದೆ.

ಡಾಕ್ಟರು ಹೇಳಿದ್ದನ್ನು ಅವ್ವನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು, ಓದಿದವಳಲ್ಲವೇ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮಾಡುವಾಗ ಈ ಚಿತ್ರವನ್ನು ಎಷ್ಟೋ ಸಲ ಬರೆದಿದ್ದೆ. ಸ್ನಾಯುವಿನ ಎಳೆಗಳ ನಡುವೆ, ಅವುಗಳ ಉದ್ದಕ್ಕೇ, ನೂಲುವ ಕದಿರಿನ ಆಕಾರದ ಪುಟ್ಟ ಸಂವೇದಕಗಳಿರುತ್ತವೆ. ಎರಡು ತುದಿ ಚೂಪು, ನಡು ದಪ್ಪ, ನಡುವಿಗೆ ನರದ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಸ್ನಾಯು ಹಿಗ್ಗಿದಾಗ ಸುರುಳಿಯೂ ಹಿಗ್ಗಿ, ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂಬ ಸುದ್ದಿಯನ್ನು ಬೆನ್ನುಹುರಿಗೆ ಕಳಿಸುತ್ತದೆ. ಸ್ನಾಯು ಮೂಳೆಗೆ ಅಂಟುವ ಕಡೆ ಇನ್ನೊಂದು ಬಗೆಯ ಸಂವೇದಕ ಇದೆ, ಅದು ಎಷ್ಟು ಬಿಗಿ ಎಂದು ಹೇಳುತ್ತದೆ. ಕತ್ತಲಲ್ಲಿ ಬಾಯಿಗೆ ತುತ್ತು ಸೇರುವುದು, ಮೆಟ್ಟಿಲನ್ನು ನೋಡದೆ ಇಳಿಯುವುದು, ನಿಂತಲ್ಲೇ ನಿಂತಿರುವುದು, ಎಲ್ಲ ಈ ಸುದ್ದಿಯಿಂದ. ಎಷ್ಟೋ ಸಲ ಸುದ್ದಿ ಮೆದುಳಿನವರೆಗೂ ಹೋಗುವ ಮೊದಲೇ ಬೆನ್ನುಹುರಿಯೇ ಉತ್ತರ ಕೊಟ್ಟು, ಸ್ನಾಯು ತನ್ನಷ್ಟಕ್ಕೆ ಬಿಗಿಯಾಗುತ್ತದೆ. ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮಬೇಕಾದದ್ದು ಹೀಗೆ. ಕಾಲ ಮೇಲಿನ ಕೂಸು ಒದ್ದು ಜಾರಿದಾಗ ತೊಡೆಗಳು ತಾವೇ ಹತ್ತಿರ ಸರಿಯುತ್ತಿದ್ದದ್ದೂ ಹೀಗೆ.

ಅವ್ವನ ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ಅಪ್ಪಣೆ ಒಯ್ಯುವ ನರಗಳೂ ಸರಿಯಿದ್ದವು. ಮುಟ್ಟಿದ್ದರ, ಅಲುಗಿದ್ದರ ಸುದ್ದಿ ತರುವ ದಪ್ಪ ನರಗಳು ಮಾತ್ರ ಹಾಳಾಗಿದ್ದವು. ಜ್ವರದ ಮೇಲೆ ಹೋರಾಡಲು ಹೊರಟ ದೇಹ ದಾರಿತಪ್ಪಿ ತನ್ನ ನರಗಳನ್ನೇ ತಿಂದಿರಬಹುದು, ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ನೋವು, ಬಿಸಿ, ತಣ್ಣಗೆ ತಿಳಿಸುವ ಸಣ್ಣ ನರಗಳು ಉಳಿದಿದ್ದವು. ಔಷಧದಿಂದ ಇದು ಇಲ್ಲಿಗೇ ನಿಲ್ಲಬಹುದು, ಹೋದದ್ದು ಬರುವುದು ಕಷ್ಟ. ಇನ್ನು ಮೇಲೆ ಪ್ರತಿಯೊಂದನ್ನೂ ಕಣ್ಣಿನಿಂದ ನೋಡಿಕೊಂಡು ಮಾಡುವುದನ್ನು ಕಲಿಯಬೇಕು.

ಅವ್ವ ಎಲ್ಲ ಕೇಳಿಸಿಕೊಂಡಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಮಗೀಗೆ ನೀರ್ ಉಯ್ಯಬೋದಾ?”

ಡಾಕ್ಟರು ನನ್ನ ಮುಖ ನೋಡಿದರು. ಕಾಲು ನೀಡಿ ಕೂರುವುದು, ಕೂಸನ್ನು ಮಲಗಿಸಿಕೊಳ್ಳುವುದು, ಎಲ್ಲ ವಿವರಿಸಿದೆ. “ಅದು ಬೇಡ ಅಮ್ಮ” ಅಂದರು ಮೆಲ್ಲಗೆ.

ವಾಪಸು ಬರುವಾಗ ರೈಲಿನಲ್ಲಿ ಅವ್ವ ಕಿಟಕಿ ಪಕ್ಕ ಕೂತು ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು. ಕೆಂಗೇರಿ ದಾಟಿದ ಮೇಲೆ ಕೇಳಿದಳು.

“ಆ ಡಾಕ್ಟರವ್ವಂಗೆ ಮದ್ವೆ ಆಗೈತಾ?”

“ನಂಗೇನ್ ಗೊತ್ತವ್ವ?”

“ಆಗಿಲ್ಲ ಕಣ. ಆಗಿದ್ರೆ, ಒಂದ್ ಮಗ ಎತ್ತಿದ್ರೆ, ಅಷ್ಟ್ ಬಿರ್ರನೆ ಬ್ಯಾಡ ಅಂತಿರ್ಲಿಲ್ಲ.”

ನನಗೆ ಆಗಲೇ ಒಂದು ಯೋಚನೆ ಬಂದದ್ದು. ಕಣ್ಣಿನಿಂದ ಮಾಡಬಹುದಾದರೆ ನೀರನ್ನೂ ಕಣ್ಣಿನಿಂದಲೇ ಹುಯ್ಯಬಹುದಲ್ಲ. ಬಾಗಿಲು ಮುಚ್ಚಿದ ಬಚ್ಚಲು ಬೇಡ, ಹಿತ್ತಲಿನಲ್ಲಿ, ಬಿಸಿಲಿನಲ್ಲಿ. ಅವ್ವನಿಗೆ ಹೇಳಿದೆ. ರಾಮನಗರದಲ್ಲಿ ಇಳಿಯುವಾಗ ಅವಳು ತಾನಾಗಿಯೇ ನನ್ನ ತೋಳು ಹಿಡಿದಳು. ಎಷ್ಟು ಗಟ್ಟಿಯಾಗಿ ಹಿಡಿದಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ಮೂರು ದಿನ ಬೆರಳಿನ ಗುರುತು ನೀಲಿಯಾಗಿ ಉಳಿದಿತ್ತು.

ಹೀಗೆ ನಮ್ಮ ಅಭ್ಯಾಸ ಶುರುವಾಯಿತು. ಕೂಸಿನ ಬದಲು ಏನು ಅನ್ನುವುದೇ ದೊಡ್ಡ ಚರ್ಚೆ. ದಿಂಬು ಹಗುರ. ರಾಗಿಯ ಗಂಟು ನೀರಿಗೆ ಬಿದ್ದರೆ ಹಾಳು. ಕೊನೆಗೆ ಅಪ್ಪ ಅಟ್ಟದಿಂದ ಒಂದು ಬೂದುಗುಂಬಳ ಇಳಿಸಿ ತಂದ. ತೂಕವೂ ಸರಿ, ಉದ್ದವೂ ಸರಿ, ನೀರು ಬಿದ್ದರೆ ಎಣ್ಣೆ ಹಚ್ಚಿದ ಕೂಸಿನ ಹಾಗೆಯೇ ಜಾರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿ, ಅವ್ವ ಕಾಲು ನೀಡಿ ಕೂತು ಕುಂಬಳಕಾಯಿಗೆ ನೀರು ಹುಯ್ಯುವಳು. ಬೇಲಿಯ ಆಚೆಯಿಂದ ಚಿಕ್ಕವ್ವ ಕತ್ತು ಉದ್ದ ಮಾಡಿದಳು.

“ಏನಕ್ಕ, ಕುಂಬ್ಳಕಾಯ್ಗೆ ಬಾಣಂತನ ಮಾಡ್ತಿದ್ದೀಯ?”

“ಹೂ ಕಣೆ. ನಿನ್ ಮಕ್ಕಳಿಗಿಂತ ವಾಸಿ. ಅಳಾದಿಲ್ಲ, ಉಚ್ಚೆ ಉಯ್ಯಾದಿಲ್ಲ.”

“ಮೂಗ್ ನೀವು ಮತ್ತೆ. ಹಂಗೇ ಚಪ್ಪಟೆಯಾಗ್ ಬುಟ್ರೆ ಗಂಡ್ ಸಿಕ್ಕಾದ್ ಕಷ್ಟ.”

ಅವ್ವ ನಕ್ಕು ಅವಳ ಕಡೆ ತಿರುಗಿದಳು. ತಿರುಗಿದ್ದೇ, ಕಾಲುಗಳು ಮೆಲ್ಲಗೆ, ಯಾರೋ ಬಿಡಿಸಿದ ಹಾಗೆ ಬೇರೆಯಾದವು. ಕುಂಬಳಕಾಯಿ ನೆಲಕ್ಕೆ ಬಿದ್ದು ಉರುಳಿತು. ಅವ್ವ ಇನ್ನೂ ನಗುತ್ತಲೇ ಇದ್ದಳು. ಅವಳಿಗೆ ಗೊತ್ತಾದದ್ದು ಸದ್ದು ಕೇಳಿ. ಚಿಕ್ಕವ್ವ ಬೇಲಿ ಬಿಟ್ಟು ಹೊರಟುಹೋದಳು.

ಅಪ್ಪ ಒಳಗಿನಿಂದ ತನ್ನ ಟವಲು ತಂದ. “ಮಂಡಿ ತಾವ ಸುತ್ತಿ ಒಂದ್ ಗಂಟ್ ಹಾಕಾನ. ಕಾಲ್ ಎಲ್ಲಿಗ್ ಹೋಯ್ತವೆ ನೋಡಾನ” ಅಂದ. ಒಳ್ಳೆಯ ಉಪಾಯ. ನಾನೂ ತಲೆಯಾಡಿಸಿದೆ. ಅವ್ವ ಮುಖ ಗಂಟಿಕ್ಕಿದಳು.

“ಕಾಲ್ ಕಟ್ಟೋದು ಯಾರಿಗೆ?” ಅಂದಳು.

ನಮ್ಮಲ್ಲಿ ಸತ್ತವರ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಾರೆ. ಅಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡ.

“ಕೂಸ್ ಮನಗೋ ಕಾಲು ಇದು” ಅಂದಳು ಅವ್ವ. ಮತ್ತೆ ಆ ವಿಷಯ ಯಾರೂ ಎತ್ತಲಿಲ್ಲ.

ಅವಳು ಕಲಿತಳು. ಅದನ್ನು ನಾನು ಹೇಳಲೇಬೇಕು. ಮೊದಲು ಎಡಗಾಲು ನೋಡಿ, ಬಲಗಾಲು ನೋಡಿ, ಎರಡೂ ಸೇರಿವೆ ಎಂದು ಖಾತ್ರಿ ಮಾಡಿಕೊಂಡು, ಕಣ್ಣಿನಿಂದ ಬಲಗೈಯನ್ನು ಚೊಂಬಿನವರೆಗೆ ನಡೆಸಿಕೊಂಡು ಹೋಗಿ, ಬೆರಳುಗಳನ್ನು ಒಂದೊಂದಾಗಿ ಅದರ ಕುತ್ತಿಗೆಗೆ ಮಡಿಸಿ, ಮತ್ತೆ ಕಣ್ಣಲ್ಲೇ ಓಡಿಬಂದು ಕಾಲು ನೋಡಿ. ಹೀಗೆ. ಬೆವರು ಸುರಿಯುತ್ತಿತ್ತು. ಮುಂಚೆ ಆಡುತ್ತ ಮಾಡುತ್ತಿದ್ದ ಕೆಲಸಕ್ಕೆ ಈಗ ಇಡೀ ಅವಳು ಬೇಕಾಗಿತ್ತು.

ಕೈಗೆ ನೆನಪಿದೆ, ಕೈ ಪಳಗಿದೆ ಎಂದೆಲ್ಲ ನಾವು ಹೇಳುತ್ತೇವೆ. ಅವ್ವನನ್ನು ನೋಡುತ್ತ ಆ ಮಾತಿನ ಮೇಲೆ ನನಗೆ ಅನುಮಾನ ಬಂತು. ಅವಳಿಗೆ ಏನೂ ಮರೆತಿರಲಿಲ್ಲ. ಎಷ್ಟು ಬಿಸಿ, ಎಷ್ಟು ಎಣ್ಣೆ, ಯಾವಾಗ ಬೋರಲು, ಯಾವಾಗ ಅಂಗಾತ, ಎಲ್ಲ ಹೇಳುತ್ತಿದ್ದಳು. ಹೋದದ್ದು ನೆನಪಲ್ಲ. ಹೋದದ್ದು ಈ ಗಳಿಗೆಯ ಸುದ್ದಿ, ಈಗ ಕೈ ಎಲ್ಲಿದೆ, ಈಗ ಕಾಲು ಹೇಗಿದೆ ಎಂಬುದು. ಆ ಕದಿರುಗಳು ನಿನ್ನೆಯದನ್ನು ಹೇಳುವುದಿಲ್ಲ. ಅವುಗಳಿಂದ ಬರುವುದು ಈಗಿನದು ಮಾತ್ರ. ಅದು ನಿಂತುಹೋದರೆ ಎಷ್ಟು ನೆನಪಿದ್ದರೂ ಕೂಸು ಜಾರುತ್ತದೆ.

ನನಗೆ ಹೆಣ್ಣುಮಗು ಹುಟ್ಟಿತು. ಮನೆಗೆ ಬಂದು, ಹೊಕ್ಕುಳಬಳ್ಳಿ ಉದುರಿದ ಮೇಲೆ ಒಂದು ದಿನ ಗೊತ್ತು ಮಾಡಿಕೊಂಡೆವು. ಬಯಲಿನಲ್ಲಿ ಕೂಸಿಗೆ ನೀರು ಹುಯ್ಯುತ್ತಾರೆಂದು ಕೇಳಿ ಚಿಕ್ಕವ್ವ ಓಡಿಬಂದಳು. “ಬಿಸ್ಲಲ್ಲಿ, ಎಲ್ರ್ ಕಣ್ಮುಂದೆ? ದೃಷ್ಟಿಯಾದ್ರೆ?” ಅಂದಳು. “ಯಾರ್ ಕಣ್ಣೇ ಬೀಳಾದು? ನಿಂದೊಂದ್ ಬುಟ್ರೆ ಇನ್ ಯಾರ್ದೈತೆ?” ಅಂದಳು ಅವ್ವ. ಚಿಕ್ಕವ್ವ ಗೊಣಗುತ್ತಲೇ ಕೂಸಿನ ಕೆನ್ನೆಗೂ ಪಾದಕ್ಕೂ ಕಾಡಿಗೆ ಬೊಟ್ಟಿಟ್ಟಳು. ಅಪ್ಪ ಗಾಳಿ ತಡೆಯಲು ಎರಡು ಕಡೆ ಚಾಪೆ ನಿಲ್ಲಿಸಿದ. ಹಂಡೆಯ ನೀರನ್ನು ಅವ್ವ ಮೊಣಕೈ ಅದ್ದಿ ನೋಡಿದಳು. ಬಿಸಿ ಅವಳಿಗೆ ಸರಿಯಾಗಿಯೇ ತಿಳಿಯುತ್ತಿತ್ತು.

ನಾನು ಅವಳ ಎದುರು, ಅವಳ ಪಾದಗಳ ಹತ್ತಿರ ಇನ್ನೊಂದು ಮಣೆಯಲ್ಲಿ ಕೂತೆ. ಕೂಸನ್ನು ಅವಳ ಕಾಲ ಮೇಲೆ ಬೋರಲು ಮಲಗಿಸಿದೆ.

ಅವ್ವ ಒಂದು ತಪ್ಪೂ ಮಾಡಲಿಲ್ಲ. ಎಣ್ಣೆ ತಿಕ್ಕಿದಳು, ಬೆನ್ನು ನೀವಿದಳು, ನೀರು ಹುಯ್ದಳು. ಕಣ್ಣು ಕಾಲಿನಿಂದ ಕೈಗೆ, ಕೈಯಿಂದ ಕಾಲಿಗೆ. ಅವಳು ಕೂಸಿನ ಜೊತೆ ಒಂದು ಮಾತೂ ಆಡಲಿಲ್ಲ. ಅಷ್ಟು ಮೌನವಾಗಿ ಅವಳು ಯಾವ ಕೂಸಿಗೂ ನೀರು ಹುಯ್ದಿರಲಾರಳು. ಆಮೇಲೆ ಅಂಗಾತ ತಿರುಗಿಸಿದೆವು. ಎದೆಗೆ ನೀರು ಬಿದ್ದದ್ದೇ ಕೂಸಿನ ಉಸಿರು ಸಿಕ್ಕಿಕೊಂಡು, ಒಂದು ಗಳಿಗೆ ಸದ್ದೇ ಇಲ್ಲ. ಎಲ್ಲ ಕೂಸುಗಳಿಗೂ ಆಗುವುದೇ. ಆಮೇಲೆ ಅದು ಕಿರುಚಿ ಅತ್ತಿತು.

ಅವ್ವ ಮುಖ ನೋಡಿದಳು. “ಅಯ್ಯೋ ನನ್ ಕಂದ” ಅಂದಳು.

ಕಾಲುಗಳು ಬೇರೆಯಾದವು.

ಕೂಸು ಬೀಳಲಿಲ್ಲ. ನನ್ನ ಎರಡೂ ಕೈಗಳ ಮೇಲಿತ್ತು. ಇಲ್ಲಿ ನಾನು ನಿಲ್ಲುತ್ತೇನೆ, ಪ್ರತಿ ಸಲವೂ. ನನ್ನ ಕೈ ಯಾವಾಗ ಅಲ್ಲಿಗೆ ಹೋಯಿತು? ಕಾಲು ಸರಿದದ್ದನ್ನು ಕಂಡು ಚಾಚಿದೆನೇ, ಅಥವಾ ಮೊದಲಿನಿಂದಲೂ ಅವಳ ಕಾಲಿನ ಅಡಿಯಲ್ಲಿ ಚಾಚಿಯೇ ಇದ್ದೆನೇ? ಕಂಡು ಚಾಚಿದೆ ಎಂದು ನನಗೆ ನೆನಪು. ಅವತ್ತು ಸಂಜೆ ನನ್ನ ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ, ಆದರೆ ಅವತ್ತು ಸಂಜೆಗೆ ಹಾಗೆ ಬರೆಯುವುದು ನನಗೆ ಬೇಕಾಗಿತ್ತು. ಅಪ್ಪನನ್ನು ಕೇಳಿದರೆ, “ನೀನ್ ಮೊದ್ಲಿಂದ್ಲೂ ಹಿಡ್ಕಂಡೇ ಇದ್ಯಲ್ಲವ್ವ” ಅನ್ನುತ್ತಾನೆ, ಮೆಚ್ಚುಗೆಯಿಂದಲೇ. ಹಾಗಾದರೆ ಆ ಹೊತ್ತೆಲ್ಲ ಕೂಸು ಅವ್ವನ ಕಾಲ ಮೇಲೆ ಇತ್ತೋ ನನ್ನ ಕೈಯ ಮೇಲೆ ಇತ್ತೋ? ನನ್ನ ತೋಳಿನ ಸ್ನಾಯುಗಳಿಗೆ ಆಗ ಅದು ಗೊತ್ತಿತ್ತು, ಕೂಸಿನ ತೂಕ ಬಿದ್ದ ಕ್ಷಣವನ್ನು ಅವು ತಪ್ಪದೆ ತಿಳಿಸಿದವು. ಆ ಕ್ಷಣ ಮುಗಿದ ಮೇಲೆ ಅವುಗಳ ಬಳಿ ಕೇಳಿ ಪ್ರಯೋಜನವಿಲ್ಲ.

ಅವ್ವನಿಗೆ ಏನು ಕಂಡಿತೋ ಅದೂ ನನಗೆ ತಿಳಿಯದು. ಅವಳು ತನ್ನ ಬೇರೆಯಾದ ಕಾಲುಗಳನ್ನು ನೋಡಿದಳು, ಅವುಗಳ ನಡುವೆ ನನ್ನ ಕೈ ನೋಡಿದಳು. ಕಾಲುಗಳನ್ನು ಮತ್ತೆ ಸೇರಿಸಲಿಲ್ಲ.

“ಇವ್ಳೆ, ಬಾ ಇಲ್ಲಿ” ಎಂದು ಚಿಕ್ಕವ್ವನನ್ನು ಕರೆದಳು. “ಮಿಕ್ಕಿದ್ ನೀರ್ ನೀನ್ ಉಯ್ದ್ ಬುಡು. ಆರೋಯ್ತದೆ.”

“ಯಾಕಕ್ಕ? ಏನೂ ಆಗಿಲ್ವಲ್ಲ. ಚೆಂದಾಗೇ ಉಯ್ತಿದ್ಯಲ್ಲ” ಅಂದಳು ಚಿಕ್ಕವ್ವ.

“ಉಯ್ತಿದ್ದೆ.”

“ಅವ್ವ, ನಾನ್ ಹಿಡ್ಕೊಂಡಿದ್ದೀನಿ, ನೀನ್ ಉಯ್ಯಿ. ದಿನಾ ಹಂಗೇ ಮಾಡಾನ” ಅಂದೆ ನಾನು. ಅವಳಿಗೆ ಆ ಕೆಲಸ ಉಳಿಯಲಿ ಎಂಬುದೊಂದೇ ನನ್ನ ತಲೆಯಲ್ಲಿ.

ಅವ್ವ ಬೇಡವೆಂದು ಕತ್ತು ಆಡಿಸಿದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ.

“ಇಷ್ಟೊತ್ತು ಉಯ್ದೆ ಕಣ್ ಮಗ. ಇದ್ರ್ ಮೊಕ ಹೆಂಗೈತೆ ಅಂತ ಕೇಳಿದ್ರೆ ಹೇಳಾಕಾಗಕಿಲ್ಲ ನಂಗೆ. ನನ್ ಕಾಲ್ ನೋಡ್ಕೊಂಡ್ ಕುಂತಿದ್ದೆ.” ಸೀರೆಯನ್ನು ಮೊಣಕಾಲಿನ ಕೆಳಕ್ಕೆ ಎಳೆದುಕೊಂಡಳು. “ನನ್ ಕಾಲ್ ನೋಡಿ ನೋಡಿ ಸಾಕಾಯ್ತು.”

ಅವ್ವ ಸರಿದು ಕೊಟ್ಟ ಮಣೆಯ ಮೇಲೆ ಚಿಕ್ಕವ್ವ ಕೂತು ಕಾಲು ನೀಡಿದಳು, ಕೂಸನ್ನು ಅವಳ ಕಾಲ ಮೇಲಿಟ್ಟೆ. ಅವ್ವನ ಹಾಗೆ ಅವಳಿಗೆ ಬರುವುದಿಲ್ಲ. ನೀರು ಹೆಚ್ಚು ಹುಯ್ಯುತ್ತಾಳೆ, ಮೂಗಿಗೆ ನೀರು ಹೋಗುತ್ತದೆ. ಆದರೂ ಕೂಸು ಹೊರಳಿದಾಗ ಅವಳ ತೊಡೆಗಳು ಅವಳಿಗೆ ಹೇಳದೆ ಕೇಳದೆ ಹತ್ತಿರ ಬಂದು ಅದನ್ನು ಹಿಡಿದುಕೊಂಡವು. ಅವಳು ಆಗ ಅಪ್ಪನಿಗೆ ಇನ್ನೊಂದು ಚೊಂಬು ತಣ್ಣೀರು ತರಲು ಹೇಳುತ್ತಿದ್ದಳು. ನಾನು ಆ ಕಾಲುಗಳನ್ನೇ ನೋಡಿದೆ. ಅಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ.

ಅವ್ವ ಗೋಡೆ ಹಿಡಿದು, ಪಾದ ನೋಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ನಾನು ಕೂತಿದ್ದ ಕಡೆಗೆ ಬಂದಳು. ನಾನು ಎದ್ದು ಆ ಜಾಗ ಕೊಟ್ಟೆ. ಕೂತು, ಬೆನ್ನನ್ನು ಕಲ್ಲಿಗೆ ಒರಗಿಸಿ, ಇನ್ನು ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ತಲೆ ಎತ್ತಿ ಕೂಸಿನ ಮುಖ ನೋಡಿದಳು.

“ಮೂಗು ಇವ್ರಪ್ಪಂದೇ” ಅಂದಳು. “ಹಣೆ ನಂದು. ನೋಡೇ ಇವ್ಳೆ, ಈ ಹಣೆ ನಂದಲ್ವಾ? ಯಾಕವ್ವ ಹಂಗ್ ಗುರಾಯಿಸ್ತೀಯ? ನಾನೇನ್ ಮಾಡ್ದೆ ನಿಂಗೆ? ನಾನೇನೂ ಮಾಡ್ಲಿಲ್ಲ ಕಣವ್ವ.”

ಕೂಸು ಅಳು ನಿಲ್ಲಿಸಿ ದನಿ ಬಂದ ಕಡೆಗೆ ಕಣ್ಣು ತಿರುಗಿಸಿತು. ಅವ್ವ ಮಾತಾಡುತ್ತಲೇ ಇದ್ದಳು. ಅವಳ ಕೈಗಳು ಮಡಿಲಲ್ಲಿದ್ದವು. ಅವಳು ನೋಡುತ್ತಿಲ್ಲವಾದ್ದರಿಂದ ಅವು ತಮ್ಮಷ್ಟಕ್ಕೆ ಎದ್ದವು. ಬಲಗೈ ಮಡಿಲು ಬಿಟ್ಟು ಮೇಲಕ್ಕೆ ತೇಲಿತು, ಬೆರಳುಗಳು ಬಿಚ್ಚಿಕೊಂಡವು, ಮಡಿಚಿಕೊಂಡವು, ಒಂದೊಂದಾಗಿ, ನಿಧಾನವಾಗಿ, ಗಾಳಿಯಲ್ಲಿ ಏನನ್ನೋ ತಡಕುವ ಹಾಗೆ. ಸುದ್ದಿ ಬಾರದ ಕೈಯನ್ನು ಕಣ್ಣೂ ಬಿಟ್ಟುಬಿಟ್ಟರೆ ಅದು ಹೀಗೆ ಅಲೆಯುತ್ತದೆ ಎಂದು ನಾನು ಓದಿದ್ದೆ, ಕಂಡಿರಲಿಲ್ಲ. ಅಪ್ಪ ಕಂಡ, ಚೊಂಬು ಹಿಡಿದು ನಿಂತಲ್ಲೇ ನಿಂತ. ಚಿಕ್ಕವ್ವ ಕಂಡು ತಲೆ ಬಗ್ಗಿಸಿದಳು.

ನಾನು ಆ ಕೈಯನ್ನು ಹಿಡಿದು ಮಡಿಲಿಗೆ ಇಳಿಸಬಹುದಿತ್ತು. ಮುಟ್ಟಿದರೆ ಅವಳಿಗೆ ತಿಳಿಯುತ್ತಿರಲಿಲ್ಲ, ಆದರೆ ನನ್ನ ಚಲನೆ ಕಣ್ಣಂಚಿಗೆ ಬಿದ್ದು ಅವಳು ಕೈಯ ಕಡೆಗೆ ತಿರುಗುತ್ತಿದ್ದಳು. ಅವಳು ಕೂಸಿನ ಮುಖ ನೋಡುತ್ತಿದ್ದಳು. ನಾನು ಅಲುಗದೆ ನಿಂತೆ.